ಗಾಡಿಯ ಟೈರ್ ಎಷ್ಟು ದಿನ ಬಾಳುತ್ತದೆ? ಹಿಂದಿನದಕ್ಕೊಂದು ಲೆಕ್ಕ, ಮುಂದಿನದಕ್ಕೊಂದು ಲೆಕ್ಕ

ಹಾಲು ಉತ್ಪಾದಕ ಸಹೋದರಿಯರೇ,

ಬೆಳಿಗ್ಗೆ ಹಾಲು ಕರೆದು, ಸೋಸಿ, ಕ್ಯಾನನ್ನು ಸ್ಕೂಟರಿನಲ್ಲಿಟ್ಟುಕೊಂಡು ಡೇರಿಗೆ ಹೊರಡುವವರು ನಿಮ್ಮಲ್ಲಿ ಅನೇಕರಿದ್ದೀರಿ. ಸಂಜೆ ಮತ್ತೊಂದು ಸಲ. ನಡುವೆ ಹೊಲದಿಂದ ಮೇವಿನ ಹೊರೆ, ಸಂಘದಿಂದ ಪಶು ಆಹಾರದ ಚೀಲ, ಮಕ್ಕಳನ್ನು ಶಾಲೆಗೆ ಬಿಡುವುದು. ಗಾಡಿ ಓಡಿಸದವರು ಮನೆಯವರ ಹಿಂದೆ ಕೂತು, ಕ್ಯಾನನ್ನು ತೊಡೆಯ ಮೇಲೆ ಹಿಡಿದು ಹೋಗುತ್ತೀರಿ. ಪೆಟ್ರೋಲ್ ಎಷ್ಟಿದೆ ಎಂದು ದಿನವೂ ನೋಡುತ್ತೇವೆ. ಟೈರಿನ ಕಡೆ ಮಾತ್ರ ಪಂಕ್ಚರ್ ಆದ ದಿನವೇ ಕಣ್ಣು ಹೋಗುವುದು.

ಡೇರಿಯ ದಾರಿಯಲ್ಲಿ ಗಾಡಿ ಜಾರಿದರೆ ಚೆಲ್ಲುವುದು ಒಂದು ಹೊತ್ತಿನ ಹಾಲು ಮಾತ್ರವಲ್ಲ. ಕೈ ಮುರಿದುಕೊಂಡರೆ ಆರು ವಾರ ಹಸು ಕರೆಯುವವರು ಯಾರು? ಆದ್ದರಿಂದ ಟೈರ್ ಎಷ್ಟು ದಿನ ಬಾಳುತ್ತದೆ, ಯಾವಾಗ ಬದಲಿಸಬೇಕು ಎಂಬುದನ್ನು ಗಾಡಿ ಯಾರ ಹೆಸರಿನಲ್ಲಿದ್ದರೂ ನೀವು ತಿಳಿದಿರಬೇಕು.

ಹಿಂದಿನ ಟೈರ್ ಬೇಗ ಸವೆಯುವುದೇಕೆ?

ಎಂಜಿನ್ನಿನ ಬಲ ಹೋಗುವುದು ಹಿಂದಿನ ಗಾಲಿಗೆ. ನೆಲವನ್ನು ತಳ್ಳಿ ಗಾಡಿಯನ್ನು ಮುಂದಕ್ಕೆ ನೂಕುವ ಕೆಲಸ ಅದರದು. ಹಿಂದೆ ಕೂತವರ ಭಾರ, ಕ್ಯಾರಿಯರಿಗೆ ಕಟ್ಟಿದ ಚೀಲದ ಭಾರ ಬೀಳುವುದೂ ಅದರ ಮೇಲೆಯೇ. ಮುಂದಿನ ಗಾಲಿ ತಾನಾಗಿ ಉರುಳಿಕೊಂಡು ಬರುತ್ತದೆ. ಅದರ ಕೆಲಸ ಎರಡು: ಗಾಡಿಯನ್ನು ತಿರುಗಿಸುವುದು, ಬ್ರೇಕ್ ಹಿಡಿದಾಗ ನಿಲ್ಲಿಸುವುದು.

ಇದರಿಂದಾಗಿ ಸಾಮಾನ್ಯ ಬೈಕ್, ಸ್ಕೂಟರುಗಳಲ್ಲಿ ಹಿಂದಿನ ಟೈರ್ ಅಂದಾಜು 15,000ದಿಂದ 25,000 ಕಿ.ಮೀ. ಓಡಿದರೆ, ಮುಂದಿನದು 25,000ದಿಂದ 40,000 ಕಿ.ಮೀ.ವರೆಗೂ ಓಡುತ್ತದೆ. ಇದು ಅಂದಾಜು ಮಾತ್ರ. ಡಾಂಬರು ರಸ್ತೆಗೆ ಒಂದು ಲೆಕ್ಕವಾದರೆ ಜಲ್ಲಿ ರಸ್ತೆಗೆ ಇನ್ನೊಂದು. ಗಾಲಿಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಸ್ಕೂಟರಿನ 10 ಇಂಚಿನ ಸಣ್ಣ ಗಾಲಿ ಒಂದು ಕಿಲೋಮೀಟರಿಗೆ ಏಳುನೂರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಬೈಕಿನ 18 ಇಂಚಿನ ಗಾಲಿಗೆ ಐದುನೂರು ಚಿಲ್ಲರೆ ಸುತ್ತು ಸಾಕು. ಹೆಚ್ಚು ಸುತ್ತು ತಿರುಗಿದ್ದು ಬೇಗ ಸವೆಯುತ್ತದೆ.

ನಮ್ಮ ಗಾಡಿಗಳ ಲೆಕ್ಕವೇ ಬೇರೆ

ಮನೆಯಿಂದ ಡೇರಿಗೆ 2 ಕಿ.ಮೀ. ಎಂದುಕೊಳ್ಳಿ. ದಿನಕ್ಕೆ ಎರಡು ಸಲ ಹೋಗಿ ಬಂದರೆ 8 ಕಿ.ಮೀ., ವರ್ಷಕ್ಕೆ ಸುಮಾರು 2,900 ಕಿ.ಮೀ. ಸಂತೆ, ಆಸ್ಪತ್ರೆ, ನೆಂಟರ ಮನೆ ಎಲ್ಲ ಸೇರಿಸಿ 5,000 ಎಂದು ಹಿಡಿಯಿರಿ. ಹಿಂದಿನ ಟೈರ್ 20,000 ಕಿ.ಮೀ. ಬಾಳಿದರೆ ನಾಲ್ಕು ವರ್ಷಕ್ಕೆ ಸವೆಯುತ್ತದೆ. ಮುಂದಿನದು 35,000 ಬಾಳುವಂಥದ್ದಾದರೆ ಸವೆಯಲು ಏಳು ವರ್ಷ ಬೇಕು. ಡೇರಿಗೆ ಬಿಟ್ಟರೆ ಬೇರೆಲ್ಲಿಗೂ ಹೋಗದ ಗಾಡಿಯಾದರೆ ಹನ್ನೆರಡು ವರ್ಷ!

ಆದರೆ ರಬ್ಬರ್ ಅಷ್ಟು ವರ್ಷ ಮೆತ್ತಗೆ ಉಳಿಯುವುದಿಲ್ಲ. ಬಿಸಿಲು ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಗಟ್ಟಿಯಾದ ರಬ್ಬರಿಗೆ ನೆಲ ಹಿಡಿಯುವ ಶಕ್ತಿ ಕಡಿಮೆ, ಮಳೆಯಲ್ಲಂತೂ ಇನ್ನೂ ಕಡಿಮೆ. ಹಿಂದಿನ ಟೈರ್ ಸವೆದು ಹಾಳಾದರೆ, ಮುಂದಿನದು ಸವೆಯದೆ ಮುದಿಯಾಗಿ ಹಾಳಾಗುತ್ತದೆ. ಬೋಳಾದ ಹಿಂದಿನ ಟೈರನ್ನು ದಾರಿಯಲ್ಲಿ ನೋಡಿದವರು ಯಾರಾದರೂ ಹೇಳುತ್ತಾರೆ. ಮುಂದಿನದರಲ್ಲಿ ಗೆರೆಗಳು ಹಾಗೇ ಇರುವುದರಿಂದ ‘ಇನ್ನೂ ಹೊಸದಿದ್ದಂತಿದೆ’ ಎಂದು ಬಿಟ್ಟುಬಿಡುತ್ತೇವೆ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲಿ ಬೀಳುವುದು ಅದೇ ಟೈರಿನ ಮೇಲೆ. ಹಿಂದಿನ ಗಾಲಿ ಸ್ವಲ್ಪ ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸಾವರಿಸಿಕೊಳ್ಳುವುದು ಬಹಳ ಕಷ್ಟ.

ಟೈರಿನ ವಯಸ್ಸು ತಿಳಿಯುವುದು ಹೇಗೆ?

ಹಸು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೀರಿ. ಟೈರಿನ ವಯಸ್ಸು ಅದರ ಪಕ್ಕೆಯ ಮೇಲೆ ಅಚ್ಚಾಗಿರುತ್ತದೆ. ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ, ಅಂದರೆ ಜೂನ್ ತಿಂಗಳಿನಲ್ಲಿ ತಯಾರಾದದ್ದು. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕೆ ನೋಡಿ.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಮೆಕ್ಯಾನಿಕ್‌ಗೆ ತೋರಿಸಿ. ಪಕ್ಕೆಯಲ್ಲಿ ಅಥವಾ ಗೆರೆಗಳ ಬುಡದಲ್ಲಿ ಒಣಗಿದ ಕೆರೆಯಂತೆ ಬಿರುಕು ಕಂಡರೆ, ಎಲ್ಲಾದರೂ ಉಬ್ಬಿದ್ದರೆ, ಒಳಗಿನ ದಾರ ಕಾಣುತ್ತಿದ್ದರೆ ವರ್ಷ ಎಣಿಸುತ್ತಾ ಕೂರಬೇಡಿ, ಬದಲಿಸಿ. ಹತ್ತು ವರ್ಷ ದಾಟಿದ್ದನ್ನು ನೋಡಲು ಎಷ್ಟೇ ಚೆನ್ನಾಗಿದ್ದರೂ ಇಟ್ಟುಕೊಳ್ಳಬೇಡಿ.

ಹಳೆಯ ಗಾಡಿ ಕೊಳ್ಳುವಾಗ ಈ ನಾಲ್ಕು ಅಂಕಿಗಳನ್ನು ತಪ್ಪದೆ ನೋಡಿ. ಹೊಸ ಟೈರ್ ಕೊಳ್ಳುವಾಗಲೂ ನೋಡಿ. ಅಂಗಡಿಯಲ್ಲಿ ಬಹಳ ದಿನ ಬಿದ್ದಿದ್ದ ಮಾಲು ಬೇಡ ಎಂದು ಕೇಳುವ ಹಕ್ಕು ನಿಮಗಿದೆ.

ಸವೆತ ತಿಳಿಯುವುದು ಹೇಗೆ?

ಟೈರಿನ ಪಕ್ಕೆಯ ಮೇಲ್ಭಾಗದಲ್ಲಿ ಸಣ್ಣ ತ್ರಿಕೋನ ಅಥವಾ ಟಿ.ಡಬ್ಲ್ಯು.ಐ. ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತದೆ. ಅದರ ನೇರಕ್ಕೆ ಗೆರೆಯೊಳಗೆ ನೋಡಿದರೆ ಅಡ್ಡಲಾಗಿ ಒಂದು ಸಣ್ಣ ದಿಬ್ಬ ಕಾಣುತ್ತದೆ. ಟೈರ್ ಸವೆದು ಆ ದಿಬ್ಬಕ್ಕೆ ಸಮನಾಯಿತೆಂದರೆ ಅದರ ಆಯುಸ್ಸು ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟೈರಿನಲ್ಲಿ ಗೆರೆಯ ಆಳ 0.8 ಮಿ.ಮೀ.ಗಿಂತ ಕಡಿಮೆ ಇರಬಾರದು. ಅದು ಕಾನೂನು ಹೇಳುವ ಕೊನೆಯ ಮಿತಿ. ಕೆಸರು ದಾರಿ, ಸಗಣಿ ಬಿದ್ದ ರಸ್ತೆ, ಹಾಲು ಚೆಲ್ಲಿ ತೊಳೆದ ಡೇರಿಯ ಅಂಗಳದಲ್ಲಿ ಓಡಾಡುವ ನಾವು ಅಲ್ಲಿಯವರೆಗೆ ಕಾಯದಿರುವುದೇ ಒಳ್ಳೆಯದು.

ಸವೆದ ರೀತಿಯೂ ಒಂದು ಕಥೆ ಹೇಳುತ್ತದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿರಬಹುದು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಜಾಗದಲ್ಲಿ ಚಪ್ಪಟೆಯಾಗಿ ತೇಯ್ದಿದ್ದರೆ ಜೋರಾಗಿ ಬ್ರೇಕ್ ಒತ್ತಿ ಗಾಲಿಯನ್ನು ಎಳೆದದ್ದರ ಗುರುತು.

ಗಾಳಿ: ಖರ್ಚಿಲ್ಲದ ಔಷಧಿ

ಟೈರಿನ ಬಾಳಿಕೆ ಹೆಚ್ಚಿಸುವ ಕೆಲಸಗಳಲ್ಲಿ ಮೊದಲನೆಯದು ಸರಿಯಾದ ಗಾಳಿ. ಗಾಳಿ ಕಡಿಮೆಯಾದ ಟೈರಿನ ಮೇಲೆ ಭಾರ ಬಿದ್ದರೆ ಪಕ್ಕೆ ಮತ್ತೆ ಮತ್ತೆ ಮಡಚಿ ಬಿಸಿಯಾಗಿ ಬಿರುಕು ಬಿಡುತ್ತದೆ, ಪೆಟ್ರೋಲೂ ಹೆಚ್ಚು ಖರ್ಚಾಗುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಅಥವಾ ಗಾಡಿಗೆ ಅಂಟಿಸಿದ ಚೀಟಿಯಲ್ಲಿ ಹಿಂದಿನ ಟೈರಿಗೆ ಸಾಮಾನ್ಯವಾಗಿ ಎರಡು ಅಳತೆ ಕೊಟ್ಟಿರುತ್ತಾರೆ: ಒಬ್ಬರೇ ಕೂತಾಗ ಒಂದು, ಇಬ್ಬರು ಕೂತಾಗ ಇನ್ನೊಂದು. 50 ಕೆ.ಜಿ.ಯ ಚೀಲ ಹಿಂದೆ ಕಟ್ಟಿದರೆ ಒಬ್ಬ ಮನುಷ್ಯ ಹಿಂದೆ ಕೂತ ಹಾಗೆಯೇ. ದಿನವೂ ಭಾರ ಹೊರುವ ಗಾಡಿಗೆ ಎರಡನೆಯ ಅಳತೆಯಷ್ಟೇ ಗಾಳಿ ಹಾಕಿಸಿ. ‘ಎರಡಕ್ಕೂ ಒಂದೇ ಸಮ ಹಾಕಪ್ಪಾ’ ಎನ್ನಬೇಡಿ. ಹದಿನೈದು ದಿನಕ್ಕೊಮ್ಮೆ, ಗಾಡಿ ಹೆಚ್ಚು ಓಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿಸಿ. ವಾಲ್ವಿನ ಮುಚ್ಚಳ ಕಳೆದಿದ್ದರೆ ಹೊಸದು ಹಾಕಿಸಿ.

ಭಾರ ಎಲ್ಲಿರಬೇಕು?

40 ಲೀಟರ್ ಹಾಲು ಅಂದರೆ ಸುಮಾರು 41 ಕೆ.ಜಿ., ಕ್ಯಾನಿನ ತೂಕ ಬೇರೆ. ಈ ಭಾರವನ್ನು ಹಿಂದಿನ ಕ್ಯಾರಿಯರಿನ ತುದಿಗೆ ಕಟ್ಟಿದರೆ ಹಿಂದಿನ ಟೈರ್ ಜಜ್ಜುತ್ತದೆ, ಮುಂದಿನದು ಹಗುರವಾಗಿ ಹ್ಯಾಂಡಲ್ ತೇಲಿದಂತಾಗುತ್ತದೆ. ಭಾರ ಆದಷ್ಟು ಕೆಳಗೆ, ಎರಡು ಗಾಲಿಗಳ ನಡುವೆ ಇರಲಿ. ಎರಡು ಬದಿಗೆ ಕ್ಯಾನ್ ತೂಗು ಹಾಕುವುದಾದರೆ ಎರಡರಲ್ಲೂ ಸಮ ಹಾಲಿರಲಿ. ಸೀರೆಯ ಸೆರಗು, ಚೂಡಿದಾರದ ವೇಲ್, ಚೀಲ ಕಟ್ಟಿದ ಹಗ್ಗದ ತುದಿ ಗಾಲಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಬ್ರೇಕ್ ವಿಷಯದಲ್ಲೂ ಒಂದು ಮಾತು. ಮುಂದಿನ ಬ್ರೇಕ್ ಹಿಡಿದರೆ ಬಿದ್ದೇವೆಂಬ ಹೆದರಿಕೆಯಿಂದ ಹಲವರು ಹಿಂದಿನದನ್ನೇ ಒತ್ತುತ್ತಾರೆ. ಆಗ ಗಾಡಿ ನಿಲ್ಲುವುದು ತಡವಾಗುತ್ತದೆ, ಹಿಂದಿನ ಟೈರೂ ತೇಯುತ್ತದೆ. ನೇರ ದಾರಿಯಲ್ಲಿ ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತಿ. ಕೆಸರು, ಮರಳು ಮತ್ತು ತಿರುವು ಬರುವ ಮೊದಲೇ ವೇಗ ಇಳಿಸಿ.

ಹೊಸ ಟೈರ್ ಹಾಕಿಸುವಾಗ

ಟೈರಿನ ಮೇಲೆ 90/100-10 53ಜೆ ಎಂಬಂತೆ ಬರೆದಿರುತ್ತದೆ. ಇದರಲ್ಲಿ 10 ಗಾಲಿಯ ಇಂಚು. 53 ಎಂಬುದು ಭಾರದ ಸಂಕೇತ. ಗಾಳಿ ಸರಿಯಿದ್ದಾಗ ಆ ಒಂದು ಟೈರ್ ಗರಿಷ್ಠ 206 ಕೆ.ಜಿ. ಹೊರಬಲ್ಲದು ಎಂದರ್ಥ. ಗಾಡಿಯ ತೂಕವೂ ಇದರಲ್ಲೇ ಸೇರುತ್ತದೆ. ಪುಸ್ತಕದಲ್ಲಿರುವ ಅಳತೆಯನ್ನೇ ಕೇಳಿ. ಭಾರದ ಸಂಕೇತ ಅದಕ್ಕಿಂತ ಕಡಿಮೆಯಿರುವ ಅಗ್ಗದ ಟೈರ್ ಬೇಡ. ಪಕ್ಕೆಯ ಮೇಲಿನ ಬಾಣದ ಗುರುತು ಗಾಲಿ ತಿರುಗುವ ದಿಕ್ಕಿಗೇ ಇರಬೇಕು. ಟ್ಯೂಬ್ ಇರುವ ಗಾಡಿಯಾದರೆ ಟೈರಿನ ಜೊತೆ ಟ್ಯೂಬನ್ನೂ ಬದಲಿಸಿ. ಬೋಳು ಟೈರಿನಲ್ಲಿ ಗೆರೆ ಕೆತ್ತಿಸಿಕೊಳ್ಳುವುದು ಅಪಾಯ, ಇದ್ದ ರಬ್ಬರೂ ತೆಳುವಾಗುತ್ತದೆ. ಹೊಸ ಟೈರ್ ಮೊದಮೊದಲು ನುಣುಪಾಗಿರುತ್ತದೆ. ಮೊದಲ 150 ಕಿ.ಮೀ. ತಿರುವುಗಳಲ್ಲಿ ನಿಧಾನವಾಗಿ ಓಡಿಸಿ.

ಹಿಂದಿನದು ಎರಡು ಸಲ ಬದಲಾಗುವಷ್ಟರಲ್ಲಿ ಮುಂದಿನದಕ್ಕೂ ಸರದಿ ಬಂದಿರುತ್ತದೆ. ಈ ಖರ್ಚು ಒಮ್ಮೆಲೇ ಮೇಲೆ ಬೀಳದಿರಲು ಟೈರಿನ ಬೆಲೆಯನ್ನು ಈಗಲೇ ಕೇಳಿಕೊಂಡು ಬನ್ನಿ, ಬಟವಾಡೆಯಾದಾಗಲೆಲ್ಲ ಸ್ವಲ್ಪ ಸ್ವಲ್ಪ ಎತ್ತಿಡಿ. ಹಾಕಿಸಿದ ದಿನಾಂಕ, ಆ ದಿನದ ಕಿಲೋಮೀಟರ್ ಎರಡನ್ನೂ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ.

ಮುಂಗಾರಿಗೆ ಮುನ್ನ ನೋಡಬೇಕಾದ ಐದು ಅಂಶಗಳು

1. ಎರಡೂ ಟೈರಿನ ನಾಲ್ಕು ಅಂಕಿ: ವಯಸ್ಸು ಎಷ್ಟು?
2. ಹಿಂದಿನ ಟೈರಿನ ಗೆರೆ: ದಿಬ್ಬಕ್ಕೆ ಎಷ್ಟು ಹತ್ತಿರ ಬಂದಿದೆ?
3. ಮುಂದಿನ ಟೈರಿನ ಪಕ್ಕೆ: ಬಿರುಕು, ಉಬ್ಬು ಇದೆಯೇ?
4. ಗಾಳಿ: ಹೊರುವ ಭಾರಕ್ಕೆ ತಕ್ಕಷ್ಟಿದೆಯೇ?
5. ಗಾಡಿ ನಿಲ್ಲಿಸುವ ಜಾಗ: ನೆರಳಿದೆಯೇ? ಕೆಳಗೆ ಡೀಸೆಲ್, ಎಂಜಿನ್ ಆಯಿಲ್ ಚೆಲ್ಲಿಲ್ಲ ತಾನೇ? ಇವು ರಬ್ಬರನ್ನು ಕೆಡಿಸುತ್ತವೆ.

ಇಂದು ಸಂಜೆ ಡೇರಿಯಲ್ಲಿ ಸರದಿ ನಿಂತಾಗ ಎರಡು ನಿಮಿಷ ಬಗ್ಗಿ ನಿಮ್ಮ ಗಾಡಿಯ ಮುಂದಿನ ಟೈರಿನ ಅಂಕಿ ಹುಡುಕಿ. ಪಕ್ಕದಲ್ಲಿ ನಿಂತ ಅಕ್ಕನ ಗಾಡಿಯದನ್ನೂ ಓದಿ ಹೇಳಿ.