ಮರುಬಳಕೆಯ ಉಣ್ಣೆ ನೂಲು ನಕಲಿಯೇ? ಬೆಂಕಿ ಹಚ್ಚಿ ನೋಡಿದರೆ ಗೊತ್ತಾಗುತ್ತದೆಯೇ?

ಸಂಕ್ಷಿಪ್ತವಾಗಿ

"ಮರುಬಳಕೆಯ ಉಣ್ಣೆ ಅಂದರೆ ಚಿಂದಿಯ ಕಸ. ಅದರಲ್ಲಿ ಅಸಲಿ ಉಣ್ಣೆ ಇರುವುದಿಲ್ಲ. ಒಂದು ಎಳೆ ಸುಟ್ಟು ನೋಡಿ, ಗೊತ್ತಾಗುತ್ತದೆ. ಮಕ್ಕಳಿಗಂತೂ ಹಾಕಲೇಬೇಡಿ." ಇಂಥ ಮಾತು ನಿಮ್ಮ ಗುಂಪಿಗೂ ಬಂದಿರಬಹುದು. ನಾವು ಇದನ್ನು ಪರಿಶೀಲಿಸಿದೆವು. ಈ ಹೇಳಿಕೆ ಬಹುಪಾಲು ತಪ್ಪು.

ಗಿರಣಿಯಲ್ಲಿ ಉಣ್ಣೆ ಏಕೆ ಉಳಿಯುತ್ತದೆ?

ಕುರಿಯ ತುಪ್ಪಟ ನೂಲಾಗುವ ಮೊದಲು ತೊಳೆಯಬೇಕು, ಹಿಂಜಬೇಕು, ಎಳೆಯಬೇಕು, ಹುರಿ ಹಾಕಬೇಕು. ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಉಳಿಯುತ್ತದೆ. ಇವೆಲ್ಲ ಒಂದೇ ಬಗೆಯ ಉಳಿಕೆಯಲ್ಲ.

ನುಣುಪಾದ ಸೂಟಿನ ಬಟ್ಟೆಗೆ ಬೇಕಾದ ನೂಲಿಗಾಗಿ ಉಣ್ಣೆಯನ್ನು ಯಂತ್ರದಲ್ಲಿ ಬಾಚುತ್ತಾರೆ. ತಲೆ ಬಾಚಿದಾಗ ಬಾಚಣಿಗೆಯಲ್ಲಿ ಕೂದಲು ಉಳಿಯುವಂತೆ ಇಲ್ಲಿ ಗಿಡ್ಡ ಎಳೆಗಳು ಉಳಿಯುತ್ತವೆ. ಇವಕ್ಕೆ 'ನಾಯ್ಲ್' ಎನ್ನುತ್ತಾರೆ. ಎಳೆ ಗಿಡ್ಡ ಎಂಬುದನ್ನು ಬಿಟ್ಟರೆ ಇದು ಹೊಸ ಉಣ್ಣೆಯೇ.

ಇನ್ನೂ ಹುರಿ ಹಾಕದ ತುಂಡುಗಳು ಮೆದು ಉಳಿಕೆ. ಅವನ್ನು ನೇರವಾಗಿ ಹಿಂಜುವ ಯಂತ್ರಕ್ಕೆ ಮರಳಿ ಹಾಕಬಹುದು. ಹುರಿ ಹಾಕಿಯಾದ ನೂಲಿನ ತುದಿಗಳು, ಹೆಣೆದ ಬಟ್ಟೆಯ ಕತ್ತರಿಕೆಗಳು ಗಟ್ಟಿ ಉಳಿಕೆ. ಇವನ್ನು ಮತ್ತೆ ಬಿಡಿ ಎಳೆ ಮಾಡುವುದೇ ಕಷ್ಟದ ಕೆಲಸ.

ಉಳಿಕೆ ಮತ್ತೆ ನೂಲಾಗುವುದು ಹೇಗೆ?

ಮೊದಲ ಕೆಲಸ ವಿಂಗಡಣೆ. ಉಣ್ಣೆ ಯಾವುದು, ಬೆರಕೆ ಯಾವುದು, ಯಾವ ಬಣ್ಣ ಎಂದು ನೋಡಿ ಬೇರ್ಪಡಿಸುತ್ತಾರೆ. ಇಟಲಿಯ ಟಸ್ಕನಿ ಪ್ರದೇಶದ ಪ್ರಾಟೊ ನಗರ ಈ ಕೆಲಸಕ್ಕೇ ಹೆಸರುವಾಸಿ. ಅಲ್ಲಿ ಅನುಭವಿ ಕೆಲಸಗಾರರು ಕೈಯಲ್ಲಿ ಮುಟ್ಟಿಯೇ ಬಟ್ಟೆಯ ಗುಣ ಹೇಳುತ್ತಾರೆ. ಕೆಂಪಿನ ಜತೆ ಕೆಂಪು, ನೀಲಿಯ ಜತೆ ನೀಲಿ ಸೇರಿಸಿ ಹಿಂಜಿದರೆ ಬಹಳ ಸಲ ಹೊಸದಾಗಿ ಬಣ್ಣ ಹಾಕಬೇಕಾಗಿಯೇ ಬರುವುದಿಲ್ಲ. ಬಣ್ಣವೂ ಉಳಿಯುತ್ತದೆ, ಬಣ್ಣ ಹಾಕಲು ಬೇಕಾದ ನೀರೂ ಉಳಿಯುತ್ತದೆ.

ಆಮೇಲೆ ಎಳೆ ತುಂಡಾಗದಿರಲಿ ಎಂದು ಸ್ವಲ್ಪ ಎಣ್ಣೆ ಅಥವಾ ನೀರು ಹಾಕಿ, ಹಲ್ಲುಗಳಿರುವ ಉರುಳೆಗಳ ನಡುವೆ ಹಾಯಿಸಿ ಬಿಡಿಸುತ್ತಾರೆ. ಹಾಗೆ ಸಿಕ್ಕ ಎಳೆಯನ್ನು ಹಿಂಜಿ, ಮತ್ತೆ ನೂಲುತ್ತಾರೆ.

ಇಷ್ಟು ಎಚ್ಚರ ವಹಿಸಿದರೂ ಕೆಲವು ಎಳೆ ತುಂಡಾಗಿಯೇ ಆಗುತ್ತವೆ. ಗಿಡ್ಡ ಎಳೆಯ ನೂಲು ಬೇಗ ಸವೆಯುತ್ತದೆ, ಸ್ವೆಟರ್ ಮೇಲೆ ಸಣ್ಣ ಸಣ್ಣ ಉಂಡೆಗಳು ಏಳುತ್ತವೆ. ಅದಕ್ಕಾಗಿಯೇ ಹೊಸ ಉಣ್ಣೆಯನ್ನೋ ನೈಲಾನ್ ಅಥವಾ ಪಾಲಿಯೆಸ್ಟರನ್ನೋ ಬೆರೆಸುತ್ತಾರೆ. ಫಾರ್ವರ್ಡ್ ಸಂದೇಶದಲ್ಲಿ ಸತ್ಯದ ಎಳೆ ಇರುವುದು ಇಲ್ಲಿ. ಮರುಬಳಕೆಯ ಉಣ್ಣೆ ಉಣ್ಣೆಯೇ ಹೌದು, ಆದರೆ ಎಲ್ಲ ವಿಷಯದಲ್ಲೂ ಹೊಸದಕ್ಕೆ ಸಮ ಅಲ್ಲ.

ಇದು ಈಗಿನ ಕಾಲದ ಮೋಸವೇ?

ಅಲ್ಲ, ಇನ್ನೂರು ವರ್ಷ ಹಳೆಯ ಉದ್ಯೋಗ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬ್ಯಾಟ್ಲಿ ಊರಿನ ಬೆಂಜಮಿನ್ ಲಾ 1813ರಲ್ಲಿ ಉಣ್ಣೆಯ ಚಿಂದಿಯನ್ನು ಬಿಡಿಸಿ, ಹೊಸ ಉಣ್ಣೆಯ ಜತೆ ಬೆರೆಸಿ ಬಟ್ಟೆ ಮಾಡಿದ ಎಂದು ಹೇಳಲಾಗುತ್ತದೆ. ಆ ಮಾಲಿಗೆ 'ಶಾಡಿ' ಎಂಬ ಹೆಸರು ಬಂತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕೆಲವು ವ್ಯಾಪಾರಿಗಳು ಸೈನಿಕರಿಗೆ ಕಳಪೆ ಶಾಡಿಯ ಸಮವಸ್ತ್ರ ಕೊಟ್ಟು ದುಡ್ಡು ಮಾಡಿದರು. ಇಂಗ್ಲಿಷಿನಲ್ಲಿ ಆ ಪದಕ್ಕೆ 'ಕಳಪೆ' ಎಂಬ ಅರ್ಥ ಗಟ್ಟಿಯಾಗಲು ಇದೂ ಕಾರಣ.

ತಪ್ಪು ಇದ್ದದ್ದು ಹೇಳದೆ ಮಾರಿದ್ದರಲ್ಲಿ. ಆದ್ದರಿಂದಲೇ ಅಮೆರಿಕ 1940ರಲ್ಲಿ ಕಾನೂನು ಮಾಡಿ, ಉಣ್ಣೆ ಹೊಸದೋ ಮರುಬಳಕೆಯದೋ ಎಂದು ಚೀಟಿಯಲ್ಲಿ ಬರೆಯಲೇಬೇಕು ಎಂದಿತು.

ನಮ್ಮ ದೇಶದಲ್ಲಿ ಈ ಉದ್ಯೋಗದ ದೊಡ್ಡ ಕೇಂದ್ರ ಹರಿಯಾಣದ ಪಾಣಿಪತ್. ವಿದೇಶಗಳಿಂದ ಬರುವ ಹಳೆಯ ಉಣ್ಣೆ ಬಟ್ಟೆ ಅಲ್ಲಿ ನೂಲಾಗಿ, ಕಂಬಳಿಯಾಗುತ್ತದೆ. ಭೂಕಂಪ, ನೆರೆ ಬಂದಾಗ ಹಂಚುವ ಅಗ್ಗದ ಕಂಬಳಿಗಳಲ್ಲಿ ಎಷ್ಟೋ ಅಲ್ಲಿಂದ ಬಂದವು.

ಬೆಂಕಿ ಪರೀಕ್ಷೆ ಏನು ಹೇಳುತ್ತದೆ?

ನಮ್ಮ ಕೂದಲಿನಂತೆ ಉಣ್ಣೆಯೂ ಕೆರಟಿನ್ ಎಂಬ ಪ್ರೋಟೀನ್. ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿಯಿಂದ ದೂರ ಸರಿಸಿದರೆ ಸಾಮಾನ್ಯವಾಗಿ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಹಾಗಲ್ಲ. ಅದು ಕರಗುತ್ತಾ ಉರಿದು, ಗಟ್ಟಿ ಗಂಟಾಗಿ ಉಳಿಯುತ್ತದೆ.

ಮರುಬಳಕೆಯ ಉಣ್ಣೆಯೂ ಕೆರಟಿನ್ನೇ ಆದ್ದರಿಂದ ಅದರ ವಾಸನೆಯೂ ಅದೇ, ಬೂದಿಯೂ ಅದೇ. ಅಂದರೆ ಈ ಪರೀಕ್ಷೆ ಪ್ಲಾಸ್ಟಿಕ್ ನೂಲನ್ನು ಗುರುತಿಸಲು ನೆರವಾಗುತ್ತದೆ. ಉಣ್ಣೆ ಹೊಸದೋ ಹಳೆಯದೋ ಎಂದು ಅದು ಹೇಳಲಾರದು.

ಇನ್ನೊಂದು ಮಾತು. ನಮ್ಮ ಅಂಗಡಿಗಳಲ್ಲಿ 'ಉಲ್ಲನ್ ದಾರ' ಎಂದು ಕೇಳಿದರೆ ಕೊಡುವುದು ಬಹಳ ಸಲ ಅಕ್ರಿಲಿಕ್. ಅದರಲ್ಲಿ ಕುರಿಯ ಒಂದು ಕೂದಲೂ ಇರುವುದಿಲ್ಲ. ಮರುಬಳಕೆಯ ಉಣ್ಣೆಯನ್ನು ನಕಲಿ ಎಂದು ಬಿಟ್ಟು, ಅಸಲಿ ಎಂದುಕೊಂಡು ಅಕ್ರಿಲಿಕ್ ಕೊಂಡು ಬರುವುದೂ ಉಂಟು!

ತೊಟ್ಟರೆ ರೋಗ ಬರುತ್ತದೆಯೇ?

19ನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಉಣ್ಣೆ ವಿಂಗಡಿಸುವ ಕೆಲಸಗಾರರು ಆಂಥ್ರಾಕ್ಸ್‌ನಿಂದ ಸತ್ತದ್ದು ನಿಜ. ಅದು ಬಂದದ್ದು ಸೋಂಕು ತಗುಲಿದ ಪ್ರಾಣಿಗಳ ಹಸಿ ಕೂದಲಿನಿಂದ. ಈಗ ಕೊಳ್ಳುವ ಮರುಬಳಕೆಯ ನೂಲಿನಿಂದ ಹಾಗಾಗುತ್ತದೆ ಎನ್ನಲು ಇದು ಆಧಾರವಲ್ಲ. ಒರಟು ಉಣ್ಣೆ ಕೆಲವರ ಚರ್ಮಕ್ಕೆ ಚುಚ್ಚುತ್ತದೆ, ಇದು ಹೊಸ ಉಣ್ಣೆಗೂ ಅನ್ವಯಿಸುವ ಮಾತು. ಮಗುವಿಗೆ ಹೆಣೆದದ್ದನ್ನು ಒಮ್ಮೆ ತೊಳೆದು, ಒಳಗೊಂದು ಹತ್ತಿ ಅಂಗಿ ಹಾಕಿ ತೊಡಿಸಿ.

ಅಪಾಯ ಹೆಚ್ಚು ಇರುವುದು ಚಿಂದಿ ಬಿಡಿಸುವ ಜಾಗದಲ್ಲಿ. ಅಲ್ಲಿ ಹಾರುವ ದೂಳು ಕೆಲಸಗಾರರ ಶ್ವಾಸಕೋಶಕ್ಕೆ ಹೋಗುತ್ತದೆ. ಗಾಳಿ ಹೊರಹಾಕುವ ವ್ಯವಸ್ಥೆ, ಮಾಸ್ಕ್ ಇಲ್ಲದ ಕಡೆ ಈ ಅಗ್ಗದ ನೂಲಿನ ಬೆಲೆ ಕಟ್ಟುವವರು ಅವರೇ. ಫಾರ್ವರ್ಡ್‌ಗಳಲ್ಲಿ ಈ ವಿಷಯ ಮಾತ್ರ ಬರುವುದಿಲ್ಲ.

ಕೊಳ್ಳುವಾಗ ಏನು ನೋಡಬೇಕು?

1. ಚೀಟಿಯಲ್ಲಿ ಉಣ್ಣೆ ಶೇಕಡಾ ಎಷ್ಟು, ನೈಲಾನ್, ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಎಷ್ಟು ಎಂದು ಓದಿ.

2. 'ಮರುಬಳಕೆ' ಎಂದಷ್ಟೇ ಇದ್ದರೆ ಯಾವುದರ ಮರುಬಳಕೆ ಎಂದು ಕೇಳಿ. ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಪಾಲಿಯೆಸ್ಟರ್ ಕೂಡ ಮರುಬಳಕೆಯೇ.

3. ಜಿಆರ್‌ಎಸ್ ಗುರುತು ಇದ್ದರೆ ಕನಿಷ್ಠ ಶೇ 50 ಮರುಬಳಕೆಯ ವಸ್ತು ಇರಬೇಕು. ಆರ್‌ಸಿಎಸ್ ಗುರುತಿಗೆ ಶೇ 5 ಇದ್ದರೂ ಸಾಕು. ಎರಡೂ ಒಂದೇ ಅಲ್ಲ.

4. ಮೊಣಕೈ, ಹಿಮ್ಮಡಿಯಂಥ ಉಜ್ಜುವ ಜಾಗಕ್ಕೆ ಗಟ್ಟಿ ನೂಲು ಬೇಕು. ಶಾಲು, ಟೋಪಿ, ಕುತ್ತಿಗೆಪಟ್ಟಿಗೆ ಮರುಬಳಕೆಯದು ಸಾಕು.

ನಮ್ಮ ತೀರ್ಮಾನ

ಮರುಬಳಕೆಯ ಉಣ್ಣೆ ನಕಲಿ ಎಂಬುದು ತಪ್ಪು. ಅದರ ಎಳೆ ಗಿಡ್ಡ, ಬಾಳಿಕೆ ಸಾಮಾನ್ಯವಾಗಿ ಕಡಿಮೆ, ಅನೇಕ ಸಲ ಬೆರಕೆ ಇರುತ್ತದೆ ಎಂಬುದು ನಿಜ. ಆ ಸಂದೇಶ ಮತ್ತೆ ಬಂದರೆ ಕಡ್ಡಿ ಗೀರುವ ಮೊದಲು ಚೀಟಿ ಓದಿ. ಕಳುಹಿಸಿದವರಿಗೂ ಅದನ್ನೇ ಹೇಳಿ.