ಹದಿನಾಲ್ಕರ ಹರೆಯದಲ್ಲೇ ಕಾಲೇಜಿನ ಚಿಂತೆಯೆ?

ಬಲೆ ಹೆಣೆದ ಕೋಲಿನಿಂದ ಚೆಂಡನ್ನು ಹಿಡಿದೆಸೆಯುವ ಆಟ ಲ್ಯಾಕ್ರೋಸ್. ಅಮೆರಿಕದ ಕಾಲೇಜು ತರಬೇತುದಾರರು ಹಿಂದೆ ಎಂಟು, ಒಂಬತ್ತನೆಯ ತರಗತಿಯ ಬಾಲಕಿಯರಿಂದಲೇ ತಮ್ಮ ತಂಡ ಸೇರುವ ಒಪ್ಪಿಗೆ ಪಡೆಯುತ್ತಿದ್ದರು. ಅದು ಬರಿಯ ಬಾಯಿಮಾತು. ಆದರೂ ತಡಮಾಡಿದರೆ ಸ್ಥಾನ ಕೈತಪ್ಪೀತೆಂಬ ಭಯ ಹೆತ್ತವರನ್ನು ಕಾಡುತ್ತಿತ್ತು.

ಕೊನೆಗೆ ತರಬೇತುದಾರರ ಸಂಘಗಳೇ ಬದಲಾವಣೆ ಬಯಸಿದವು. 2017ರ ಏಪ್ರಿಲ್‌ನಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಹೊಸ ನಿಯಮ ತಂದಿತು. ಅದರಂತೆ, ಡಿವಿಷನ್ ಒಂದರ ಕಾಲೇಜುಗಳು ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮುನ್ನ ಆಯ್ಕೆಯ ಮಾತುಕತೆ ನಡೆಸುವಂತಿಲ್ಲ.

ಇದರಿಂದ ತಡವಾಗಿ ಅರಳುವ ಪ್ರತಿಭೆಗೂ ಅವಕಾಶ ಉಳಿಯಿತು. ಓದಿನ ಒಲವನ್ನು ಅರಿತು ಕಾಲೇಜು ಆರಿಸಲು ಕಾಲಾವಕಾಶ ದೊರೆಯಿತು. ಆದರೆ ಒತ್ತಡ ಅಳಿಯಲಿಲ್ಲ, ಆ ಒಂದು ದಿನದ ಸುತ್ತ ಕೇಂದ್ರೀಕೃತವಾಯಿತು. ಅಂದು ಕರೆ ಬಾರದಿದ್ದರೂ ಆಯ್ಕೆ ಮುಂದುವರಿಯುತ್ತದೆಂಬ ಧೈರ್ಯವನ್ನು ಮನೆಯವರೇ ತುಂಬಬೇಕು. ಎಳವೆಯಲ್ಲೇ ಮಕ್ಕಳನ್ನು ಪ್ರವೇಶ ಪರೀಕ್ಷೆಯ ಓಟಕ್ಕೆ ಹಚ್ಚುವ ನಾವೂ ಇದನ್ನು ಮನಗಾಣುವುದು ಒಳಿತು.