ಹನಿಯೂ ಬೀಳದ ಸೋರಿಕೆ

ಹತ್ತಾರು ಟನ್ ಹೊತ್ತು ಘಾಟಿ ಏರುವ ಲಾರಿಯನ್ನು ಗಾಳಿಯ ನಾಲ್ಕು ಗುಳ್ಳೆಗಳು ನಿಲ್ಲಿಸಿಬಿಡುತ್ತವೆ ಎಂದರೆ ನಂಬುತ್ತೀರಾ? ಹೈದರಾಬಾದಿನ ನಾಂಪಲ್ಲಿಯಲ್ಲಿ ಕಣ್ಣಾರೆ ನೋಡಿ ಬೆರಗಾಗಿ ನಿಂತೆ!

1938ರಲ್ಲಿ ಶುರುವಾದ ನುಮಾಯಿಶ್ ಪ್ರದರ್ಶನಕ್ಕೆ ಜನವರಿ ಬಂದರೆ ಇಲ್ಲಿನ ಮೈದಾನ ತುಂಬುತ್ತದೆ. ದೇಶದ ಮೂಲೆಮೂಲೆಯ ಸರಕು ಲಾರಿಯಲ್ಲಿ ಬಂದಿಳಿಯುತ್ತದೆ. ಚಳಿಯ ಬೆಳಗು. ಬೀದರ್ ಕಡೆಯ ಹಳೆಯ ಲಾರಿಯೊಂದು ಮೊಂಡು ಹಿಡಿದಿತ್ತು. “ಸೆಲ್ಫ್ ತಿರಗ್ತದ ಉಸ್ತಾದ್, ಗಾಡಿನೇ ಹಿಡೀವಲ್ದು” ಎಂದ ಚಾಲಕ. ಮೆಕ್ಯಾನಿಕ್ ಉಸ್ತಾದರ ಉತ್ತರ ದಖನಿ ಉರ್ದುವಿನಲ್ಲಿ. ಇಬ್ಬರಿಗೂ ತೊಡಕಾಗಲಿಲ್ಲ, 1956ರವರೆಗೆ ಬೀದರ್ ಹೈದರಾಬಾದಿನ ಜೊತೆಗೇ ಇತ್ತಲ್ಲ!

ಉಸ್ತಾದ್ ಎಂಜಿನ್ ಮುಟ್ಟಲೇ ಇಲ್ಲ. ನೇರ ಹೋಗಿ ಸೈಲೆನ್ಸರ್ ಹಿಂದೆ ನಿಂತರು. “ಸೆಲ್ಫ್ ಹೊಡಿ” ಎಂದರು. ಹೊಗೆ ನೋಡಿದರು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗೇ ಇಲ್ಲ. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗುವುದಿಲ್ಲವೇ, ಹಾಗೆಯೇ ಇಲ್ಲಿ ಗಾಳಿಯನ್ನು ಹದಿನೇಳು, ಹದಿನೆಂಟು ಪಟ್ಟು ಒತ್ತಿದರೆ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಗೆ ಮಂಜಿನಂತೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ! 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಜಗತ್ತಿಗೆ ತೋರಿಸಿಕೊಟ್ಟದ್ದು ಇದನ್ನೇ. ಹಾಗಾಗಿ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಬಿದ್ದಿದೆ, ಹೊತ್ತುತ್ತಿಲ್ಲ: ಕಂಪ್ರೆಷನ್ ಕುಸಿದಿರಬಹುದು, ಡೀಸೆಲ್ ಸಿಂಪಡಿಸುವ ನೊಝಲ್ ಕೆಟ್ಟಿರಬಹುದು, ಬ್ಯಾಟರಿ ಸೋತು ಸೆಲ್ಫ್ ನಿಧಾನವಾಗಿರಬಹುದು. ನಿಧಾನ ತಿರುಗಿದರೆ ಒತ್ತಿದ ಗಾಳಿಯ ಬಿಸಿ ಲೋಹಕ್ಕೆ ಇಳಿದು ಹೋಗುತ್ತದೆ. ಹೊಗೆಯೇ ಇಲ್ಲವೇ? ಡೀಸೆಲ್ ಒಳಗೆ ತಲುಪಿಯೇ ಇಲ್ಲ.

ಈ ಲಾರಿಯಲ್ಲಿ ಹೊಗೆ ಇರಲಿಲ್ಲ. ಉಸ್ತಾದ್ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿದರು. ಬುಳಬುಳನೆ ನೊರೆ! ಏರ್ ಹಿಡಿದಿತ್ತು.

ಆದರೆ ಎಲ್ಲಿಂದ? ನೆಲದ ಮೇಲೆ ಒಂದು ಹನಿ ಡೀಸೆಲ್ ಇಲ್ಲ, ಪೈಪಿನ ಮೇಲೆ ಪಸೆಯೂ ಇಲ್ಲ. ನನ್ನನ್ನು ಮೈಮರೆಸಿದ್ದು ಇದೇ. ಟ್ಯಾಂಕ್‌ನಿಂದ ಪಂಪ್‌ವರೆಗಿನ ಪೈಪು ಹೀರುವ ಪೈಪು. ಎಂಜಿನ್ ಓಡುವಾಗ ಅದರೊಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಕಡಿಮೆ. ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ! ರಾತ್ರಿ ನಿಂತಾಗಲೂ ಅಷ್ಟೆ, ಅದೇ ಸಂದಿನಿಂದ ಗಾಳಿ ಬರುತ್ತದೆ, ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಜಾರುತ್ತದೆ. ಬೆಳಿಗ್ಗೆ ಇಂಜೆಕ್ಷನ್ ಪಂಪ್ ಒತ್ತಿದ್ದೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಹಳೆಯ ಗಾಡಿಯ ನೊಝಲ್ ತೆರೆಯಲು ವಾತಾವರಣದ ಇನ್ನೂರು ಪಟ್ಟಿನಷ್ಟು ಒತ್ತಡ ಬೇಕು, ಅದು ಏರುವುದೇ ಇಲ್ಲ. ಉಸ್ತಾದ್ ಮಧ್ಯೆ ಒಂದು ಪಾರದರ್ಶಕ ಪೈಪ್ ತುಂಡು ಸಿಕ್ಕಿಸಿದರು. ಗುಳ್ಳೆಗಳ ಸಾಲು ಹೋಗುವುದು ಕಂಡಿತು. ಹಿಂದಕ್ಕೆ ಹುಡುಕುತ್ತ ಹೋದರೆ ಸಿಕ್ಕಿದ್ದು ಸವೆದ ಒಂದು ತಾಮ್ರದ ವಾಷರ್.

ಹೊಸ ಕಾಮನ್ ರೈಲ್ ಲಾರಿಗಳಲ್ಲಿ ಕಥೆ ಬೇರೆ: ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡುವ ರೈಲ್ ಕೊಳವೆಯಲ್ಲಿ ಸಾಕಷ್ಟು ಒತ್ತಡ ಏರದಿದ್ದರೆ ಕಂಪ್ಯೂಟರ್ ಇಂಜೆಕ್ಟರ್ ತೆರೆಯಲು ಬಿಡುವುದೇ ಇಲ್ಲ. ಅಲ್ಲಿ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೂ ಒಂದೊಂದು ಬಾಟಲಿ ಕಟ್ಟಿ, ಯಾವುದು ಬೇಗ ತುಂಬುತ್ತದೆಂದು ನೋಡಿ ಸವೆದದ್ದನ್ನು ಹಿಡಿಯುತ್ತಾರೆ.

ಚಾಲಕ ಬಂಧುಗಳೇ, ಹಿಡಿಯದ ಗಾಡಿಗೆ ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ, ಮೋಟಾರ್ ಸುಡುತ್ತದೆ. ಹದಿನೈದು ಸೆಕೆಂಡಿನೊಳಗೆ ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಕ್ಲೀನರ್‌ನನ್ನು ಹಿಂದೆ ನಿಲ್ಲಿಸಿ ಹೊಗೆಯ ಬಣ್ಣ ಕೇಳಿ. ಹೊಗೆ ಇಲ್ಲವೆಂದರೆ, ನೊಝಲ್ ಬಿಚ್ಚಿಸುವ ಮೊದಲು ವಾಷರ್ ನೋಡಿಸಿ.